ಬೇಗೂರು ಕೆರೆಯಲ್ಲಿ ಕಾಣದ ನೀಲಕಂಠ

೨೦೨೫ರ ಫೆಬ್ರವರಿ ೧೬, ಭಾನುವಾರ. ಮಾಘ ಬಹುಳ ಚವತಿ. ಆಧಾರ: ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಅದರ ಆ ದಿನದ ಚೌಕದಲ್ಲಿ ನನ್ನ ಹೆಂಡತಿ "ಹಾಲು ಅರ್ಧ ಲೀಟರ್ ಸಾಕು, ಕೆರೆ" ಎಂದು ಬರೆದಿದ್ದಾಳೆ. ಕ್ಯಾಲೆಂಡರೊಂದನ್ನೇ ನಂಬುವ ಅಭ್ಯಾಸ ನನಗಿಲ್ಲವಾದ್ದರಿಂದ ಪಂಚಾಂಗವನ್ನೂ ತೆಗೆದು ನೋಡಿದೆ. ತಿಥಿಯೂ ವಾರವೂ ಹೊಂದುತ್ತವೆ. ಪಂಚಾಂಗ ಇನ್ನೊಂದು ಮಾತನ್ನೂ ಹೇಳುತ್ತದೆ: ಅಂದಿನ ಋತು ಶಿಶಿರ, ವಸಂತಕ್ಕೆ ಯುಗಾದಿಯವರೆಗೆ ಕಾಯಬೇಕು. ಆದರೆ ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒರಗಿ ನಿಂತ ಹೊಂಗೆಮರ ಪಂಚಾಂಗ ನೋಡುವುದಿಲ್ಲ. ಆ ವಾರ ಅದು ಹಳೆಯ ಎಲೆಗಳನ್ನೆಲ್ಲ ನಿವಾಸಿಗಳ ಕಾರುಗಳ ಮೇಲೆ ಸುರಿದು, ಮೈತುಂಬ ಎಳೆಯ ಹಸಿರನ್ನು ಹೊದ್ದು ನಿಂತಿತ್ತು. ಆದ್ದರಿಂದ ಇದು ವಸಂತದ ಆರಂಭದ ಮಾತು ಎಂದು ಬರೆಯುವಾಗ ನಾನು ಪಂಚಾಂಗವನ್ನು ಬದಿಗಿಟ್ಟು ಹೊಂಗೆಯ ಸಾಕ್ಷ್ಯವನ್ನು ಒಪ್ಪಿದ್ದೇನೆಂದು ಓದುಗರು ತಿಳಿಯಬೇಕು.

ನೌಕರಿಯಲ್ಲಿದ್ದಷ್ಟು ಕಾಲ ನನ್ನ ಕೆಲಸ ಶಾಸನಗಳ ಕಾಲನಿರ್ಣಯ. ಕಲ್ಲಿನ ಮೇಲೆ ಶಕವರ್ಷ ಒಂದು ಹೇಳಿ ವಾರ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕೆಂಬುದರ ಮೇಲೆ ನಾನೂ ನನ್ನ ಸಹೋದ್ಯೋಗಿಗಳೂ ವರ್ಷಗಟ್ಟಲೆ ಜಗಳವಾಡಿದ್ದೇವೆ. ಕಲ್ಲು ಒಮ್ಮೆಯೂ ಮಧ್ಯೆ ಬಾಯಿ ಹಾಕಲಿಲ್ಲ. ನಿವೃತ್ತಿಯಾದ ಮೇಲೆ ಈ ಅಭ್ಯಾಸ ಮನೆಯೊಳಕ್ಕೆ ಬಂತು. ಗ್ಯಾಸ್ ಸಿಲಿಂಡರು ಬದಲಾದ ದಿನ ಯಾವುದು, ನಾದಿನಿಯ ಮದುವೆಯಲ್ಲಿ ಬಡಿಸಿದ ಸಿಹಿ ಯಾವುದು, ಎಲ್ಲಕ್ಕೂ ಆಧಾರ ಕೇಳತೊಡಗಿದೆ. ಕೆಲವು ತಿಂಗಳು ಸಹಿಸಿದ ಹೆಂಡತಿ ಒಂದು ಬೈನಾಕ್ಯುಲರ್ ತರಿಸಿ ಕೈಗಿತ್ತು, "ಹೊರಗೆ ಹೋಗಿ ಹಕ್ಕಿಗಳ ಹತ್ರ ಆಧಾರ ಕೇಳ್ಕೊಳ್ಳಿ," ಎಂದಳು. ಕೇಳುತ್ತ ಬಂದಿದ್ದೇನೆ. ಬಣ್ಣ ಒಂದೇ ಸಾಲದು. ಕೊಕ್ಕು, ಕೂರುವ ಭಂಗಿ, ಕೂಗು ಇವುಗಳಲ್ಲಿ ಎರಡಾದರೂ ಒಂದನ್ನೊಂದು ಸಮರ್ಥಿಸಿದ ಹೊರತು ಹಕ್ಕಿಗೆ ಹೆಸರು ಕೊಡಬಾರದೆಂಬುದು ನನ್ನ ನಿಯಮ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಯಾರಾದರೂ ತಮ್ಮ ಬಾಲ್ಕನಿಯಿಂದ ತೆಗೆದ 'ಗಿಡುಗ'ದ ಫೋಟೊ ಹಾಕಿದರೆ, ಅದು ಪಾರಿವಾಳವೆಂದು ತಿಳಿಸುವ ಅಪ್ರಿಯ ಕರ್ತವ್ಯವೂ ನನ್ನ ಪಾಲಿಗೆ ಬಂದಿದೆ.

ಈ ಕೀರ್ತಿಯ ಕಾರಣದಿಂದಲೇ ಹಿಂದಿನ ದಿನ ಸಂಜೆ ಮೇಲಿನ ಮಹಡಿಯ ನೆರೆಯವರು ನಮ್ಮ ಮನೆಗೆ ಬಂದರು. ಬಾಗಲಕೋಟೆ ಕಡೆಯವರು, ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದ ಮ್ಯಾನೇಜರು. ಅವರ ತಾಯಿ ಅವರ ಜೊತೆಗೇ ಇದ್ದಾರೆ. ಇಡೀ ಬ್ಲಾಕಿಗೆ ಅವರು ಅವ್ವ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಶಸ್ತ್ರಚಿಕಿತ್ಸೆ ಸೋಮವಾರ ಬೆಳಿಗ್ಗೆ ಎಂದು ಗೊತ್ತಾಗಿತ್ತು. ಅದಕ್ಕೂ ಮೊದಲು ಎರಡು ಸಲ ಗೊತ್ತಾಗಿ, ಎರಡು ಸಲವೂ ಅವ್ವ ಹೊಸ್ತಿಲ ತನಕ ಬಂದು ಹಿಂದಕ್ಕೆ ಹೋಗಿದ್ದರು. ಇನ್ನು ತಡ ಮಾಡಿದರೆ ಪೊರೆ ಗಟ್ಟಿಯಾಗಿ ಕೆಲಸ ಕಠಿಣವಾದೀತೆಂದು ವೈದ್ಯರು ಎಚ್ಚರಿಸಿದ್ದರು.

"ಏನ್ ಮಾಡ್ಬೇಕು ಹೇಳ್ರಿ ಸರ್," ಎಂದು ಅವರು ಸೋಫಾದ ತುದಿಯಲ್ಲಿ ಕೂತು ತಲೆಯ ಮೇಲೆ ಕೈ ಇಟ್ಟುಕೊಂಡರು. "ನೀಲಕಂಠನ್ನ ಕಾಣೋವರಿಗೂ ದವಾಖಾನಿ ಮೆಟ್ಟಿಲ ತುಳಿಯಂಗಿಲ್ಲ ಅಂತಾಳ. ನಮ್ಮ ಮನ್ಯಾಗ ಮೊದಲಿಂದ ಹಂಗ ಐತ್ರಿ. ಯಾರು ದೊಡ್ಡ ಕೆಲಸಕ್ಕ ಮನಿ ಬಿಟ್ಟು ಹೊಂಟ್ರೂ ಆ ಹಕ್ಕಿ ಕಾಣಬೇಕು. ನಾನು ಇಂಜಿನಿಯರಿಂಗ್ ಸೀಟ್ ಸಿಕ್ಕಾಗ ಹೊಲದಾಗ ಮೂರು ತಾಸು ನಿಂತಿದ್ದೆ. ಅಡ್ಮಿಷನ್ ಇನ್ನೇನು ಮುಗೀತಿತ್ತು."

ಕಾರಣ ಬರಿಯ ಶಕುನವಾಗಿರಲಿಲ್ಲ. ಅವ್ವನ ಅಕ್ಕ ಬಹಳ ವರ್ಷಗಳ ಹಿಂದೆ ಯಾವುದೋ ಶಿಬಿರದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಣ್ಣು ಕೀವಾಗಿ, ಆ ಕಣ್ಣನ್ನೇ ಕಳೆದುಕೊಂಡಿದ್ದರಂತೆ. ಅಂದು ಆಕೆ ನೀಲಕಂಠನನ್ನು ಕಾಣದೆಯೇ ಮನೆಬಿಟ್ಟಿದ್ದರು. ಅವ್ವನ ಲೆಕ್ಕದಲ್ಲಿ ಇವೆರಡು ಸಂಗತಿಗಳು ಒಂದೇ ವಾಕ್ಯದಲ್ಲಿ ಬರುತ್ತಿದ್ದವು.

ನಾನು ಆದಷ್ಟು ಮೃದುವಾಗಿ ವಿಷಯ ಮಂಡಿಸಿದೆ. ನೀಲಕಂಠ ಬಯಲಿನ ಹಕ್ಕಿ. ಹೊಲ, ತಂತಿ, ಒಂಟಿ ಮರ ಇದ್ದ ಕಡೆ ಸಿಗುತ್ತದೆ. ಹೊಸೂರು ರಸ್ತೆಯ ಎರಡೂ ಬದಿಯಲ್ಲಿ ರಾಗಿಹೊಲ ಇದ್ದಾಗ ಇಲ್ಲಿಯೂ ಇದ್ದಿರಬೇಕು. ನಾನು ಬೈನಾಕ್ಯುಲರ್ ಹಿಡಿದ ಮೇಲೆ ಈ ಸುತ್ತಿನಲ್ಲಿ ಒಮ್ಮೆಯೂ ಕಂಡಿಲ್ಲ.

"ನೀಲಕಂಠ ಆಗ್ಬೇಕಂತೇನಿಲ್ರಿ ಸರ್," ಎಂದರು ಮ್ಯಾನೇಜರು, ದನಿ ತಗ್ಗಿಸಿ. "ಏನರ ನೀಲಿ ತೋರಿಸ್ರಿ. ಆಕಿಗೆ ಎಲ್ಲಿ ಕಾಣತೈತಿ? ಬೇಗೂರು ಕೆರ್ಯಾಗ ಕಿಂಗ್‌ಫಿಶರ್ ಅದಾವಲ್ಲ, ಅದನ್ನ ತೋರಿಸಿ ನೀವೊಂದು ಹೂಂ ಅಂದುಬಿಟ್ರ ಮುಗೀತು. ನಾ ಹೇಳಿದ್ರ ನಂಬಂಗಿಲ್ಲ. ನೀವು ಹೇಳಿದ್ರ ನಂಬತಾಳ."

"ನಿಮ್ಮ ಕಾರ್ಖಾನೆಯಲ್ಲಿ ಒಂದು ಮಾಲಿನ ಬದಲು ಇನ್ನೊಂದನ್ನು ಪಾಸು ಮಾಡುತ್ತೀರಾ?" ಎಂದು ಕೇಳಿದೆ.

"ಅದು ಕಸ್ಟಮರ್‌ಗೆ ಹೋಗೋದ್ರಿ ಸರ್. ಇದು ನಮ್ಮವ್ವ."

ಟೀ ತಂದ ಹೆಂಡತಿ ಅವರ ಪಕ್ಷ ವಹಿಸಿದಳು. "ನಲವತ್ತು ವರ್ಷದಿಂದ ನಿಮ್ಮ ಅಡಿಟಿಪ್ಪಣಿ ಕೇಳ್ಕೊಂಡು ಬಂದಿದೀನಿ. ಒಂದು ಭಾನುವಾರ ಅಡಿಟಿಪ್ಪಣಿ ಇಲ್ದೆ ಇರೋಕಾಗಲ್ವಾ? ಆ ಅವ್ವಂಗೆ ಕಣ್ಣು ಬರುತ್ತೆ ಅಂದ್ರೆ ಮಿಂಚುಳ್ಳಿಗೇನು ನಷ್ಟ?"

ಮಿಂಚುಳ್ಳಿಗೆ ನಷ್ಟವಿಲ್ಲವೆಂಬುದನ್ನು ಒಪ್ಪಿದೆ. ಕೆರೆಗೆ ಕರೆದೊಯ್ಯುತ್ತೇನೆ, ಇದ್ದುದನ್ನು ತೋರಿಸುತ್ತೇನೆ, ಇಲ್ಲದ್ದಕ್ಕೆ ಸಹಿ ಹಾಕುವುದಿಲ್ಲ ಎಂದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಮಯ ಬಂದಾಗ ನಾನು ಕರಗುತ್ತೇನೆಂದು ಆ ನೋಟದಲ್ಲಿ ತೀರ್ಮಾನವಾಗಿತ್ತು.

ಹಕ್ಕಿ ನೋಡಲು ಸೂರ್ಯೋದಯಕ್ಕೆ ಮೊದಲೇ ಹೊರಡಬೇಕೆಂದು ನಾನು ಹೇಳಿಟ್ಟಿದ್ದೆ. ಹೊರಟದ್ದು ಅವ್ವನ ಲಿಂಗಪೂಜೆ ಮುಗಿದ ಮೇಲೆ, ಬಿಸಿಲು ಎದುರು ಬ್ಲಾಕಿನ ನೀರಿನ ಟ್ಯಾಂಕನ್ನು ದಾಟಿ ನಮ್ಮ ಪಾರ್ಕಿಂಗಿಗೆ ಇಳಿದಾಗ. ಅವ್ವ ಹಣೆಯ ತುಂಬ ವಿಭೂತಿ ಧರಿಸಿ, ಗಿಳಿಹಸಿರು ಇಳಕಲ್ ಸೀರೆಯುಟ್ಟು, ಕಂಕುಳಲ್ಲಿ ಬುತ್ತಿಯ ಗಂಟಿಟ್ಟುಕೊಂಡು ಲಿಫ್ಟಿನಿಂದ ಹೊರಬಂದರು. ಮೊಮ್ಮಗಳ ಪರೀಕ್ಷೆಯ ಓದಿನ ನೆಪದಲ್ಲಿ ಸೊಸೆ ಮನೆಯಲ್ಲೇ ಉಳಿದಳು.

ಹಕ್ಕಿ ನೋಡುವಾಗ ಮಣ್ಣಿನ ಬಣ್ಣದ ಬಟ್ಟೆ ಉತ್ತಮ, ಕಣ್ಣಿಗೆ ಹೊಡೆಯುವ ಬಣ್ಣ ಬೇಡ ಎಂದು ವಿನಯದಿಂದ ಸೂಚಿಸಿದೆ.

"ಹಕ್ಕಿ ನೋಡಾಕ ಹೊಂಟೇವೋ, ಕಳವು ಮಾಡಾಕ ಹೊಂಟೇವೋ, ಮಾಸ್ತರ?" ಎಂದು ಅವ್ವ ಕೇಳಿದರು.

ನಾನು ಎಂದೂ ಮಾಸ್ತರನಾಗಿರಲಿಲ್ಲ. ಮನೆಯಲ್ಲಿ ಎರಡು ಕಪಾಟು ಪುಸ್ತಕ ಇಟ್ಟುಕೊಂಡವರೆಲ್ಲ ಅವ್ವನ ಮಟ್ಟಿಗೆ ಮಾಸ್ತರರು. ಈ ತಪ್ಪನ್ನು ತಿದ್ದಲು ಹಿಂದೆ ಮಾಡಿದ್ದ ಪ್ರಯತ್ನಗಳು ವಿಫಲವಾಗಿದ್ದವು.

ಬೇಗೂರಿಗೆ ನಾನು ಹೊಸಬನಲ್ಲ. ಅಲ್ಲಿನ ಹಳೆಯ ಗುಡಿಯ ಕಲ್ಲುಗಳನ್ನು ಓದಲು ನೌಕರಿಯ ಕಾಲದಲ್ಲಿ ಹಲವು ಸಲ ಬಂದಿದ್ದೆ. ಆಗ ಕೆರೆಯ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಈಗ ಕೆರೆಗೆ ಬಂದಾಗ ಗುಡಿಯ ಕಡೆಗೆ ತಿರುಗುವುದಿಲ್ಲ. ಮ್ಯಾನೇಜರು ಕಾರನ್ನು ಎರಡು ಟ್ಯಾಂಕರುಗಳ ನಡುವೆ ಹೇಗೋ ತೂರಿಸಿ ನಿಲ್ಲಿಸಿದರು. ನಾವು ನಾಲ್ವರು ಏರಿಯ ಮೇಲಿನ ನಡಿಗೆದಾರಿಗೆ ಹತ್ತಿದೆವು. ಮೇಲಕ್ಕೆ ಬಂದ ಕೂಡಲೆ ಅವ್ವ ನಿಂತು ಎರಡೂ ಕೈಯೆತ್ತಿ ಕೆರೆಗೆ ನಮಸ್ಕಾರ ಮಾಡಿ, "ಎಷ್ಟು ನೀರೋ ಶಿವನ!" ಎಂದು ಉದ್ಗರಿಸಿದರು. ದಡದಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ಅವುಗಳ ಜೊತೆಗೆ, ನಾನು ಅಷ್ಟರಲ್ಲೇ ಕಣ್ಣಿಟ್ಟಿದ್ದ ಒಂದು ಗೊರವಹಕ್ಕಿಯೂ ಹಾರಿಹೋಯಿತು. ಅದು ಯಾವ ಬಗೆಯದೆಂಬುದು ಇಂದಿಗೂ ಅನಿರ್ಣೀತ.

ಅವ್ವನಿಗೆ ನಿಜಕ್ಕೂ ಎಷ್ಟು ಕಾಣುತ್ತದೆಂದು ತಿಳಿಯಬೇಕಿತ್ತು. ಕೇಳಿದೆ.

"ಎಲ್ಲಾ ಹಾಲಾಗ ಅದ್ದಿ ತಗದಂಗ ಐತ್ರಿ," ಎಂದರು. "ಬೆಳ್ಳಗಿದ್ದದ್ದು ಕಾಣಂಗಿಲ್ಲ. ಕರ್ರಗಿದ್ದದ್ದು ಒಂದೀಟು. ಬಣ್ಣ ಇದ್ರ ಮಿಂಚಿದಂಗ ಆಗತೈತಿ."

ಹಾಗಾದರೆ ಕಪ್ಪು ಹಕ್ಕಿಯಿಂದ ಶುರುಮಾಡೋಣವೆಂದು ನೀರಿನ ನಡುವೆ ತೇಲುತ್ತಿದ್ದ ಒಂದು ಗುಂಪನ್ನು ತೋರಿಸಿ, ಅವು ನಾಮಕೋಳಿಗಳು ಎಂದೆ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಬಿಳಿ.

"ಹಣಿ ಮ್ಯಾಲೆ ಬಿಳೇದೈತಿ?"

"ಹೌದು."

"ಹಂಗಾದ್ರ ನಾಮ ಯಾಕಂತೀರಿ? ವಿಭೂತಿ ಅನ್ರಿ." ಮಗನ ಕಡೆ ತಿರುಗಿ, "ನೋಡು, ಕೋಳಿ ಸೈತ ಜಳಕಾ ಮಾಡಿ ವಿಭೂತಿ ಹಚ್ಚಿಕೊಂಡೈತಿ. ನೀನು ರವಿವಾರ ಹನ್ನೊಂದಾದ್ರೂ ಜಳಕಾ ಮಾಡಂಗಿಲ್ಲ," ಎಂದರು.

ಹೆಸರಿಡುವ ಪದ್ಧತಿಯ ಕುರಿತು ನಾನು ಏನೋ ಹೇಳಲು ಹೊರಟಿದ್ದೆ. ಹೆಂಡತಿ ನನ್ನ ಮೊಣಕೈ ಹಿಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಹಕ್ಕಿಯ ಹೆಸರು ವಿಭೂತಿಕೋಳಿ.

ಸ್ವಲ್ಪ ಮುಂದೆ ಜೊಂಡಿನ ಅಂಚಿನಲ್ಲಿ ಇಬ್ಬರು ಯುವಕರು ಫಿರಂಗಿಯಂಥ ಕ್ಯಾಮೆರಾಗಳನ್ನು ಸ್ಟ್ಯಾಂಡಿಗೆ ಏರಿಸಿಕೊಂಡು ಮಂಡಿಯೂರಿ ಕೂತಿದ್ದರು. ಮಹದೇವಪುರದಿಂದ ಕತ್ತಲಲ್ಲೇ ಬಂದವರಂತೆ. ಹೆಜ್ಜಾರ್ಲೆಯೊಂದು ನೀರಿಗಿಳಿಯುವ ಕ್ಷಣಕ್ಕೆ ಕಾಯುತ್ತಿದ್ದರು. ಅವ್ವನ ಸೀರೆ ಕಂಡೊಡನೆ ಒಬ್ಬನ ಮುಖ ಬಾಡಿತು.

"ಅಜ್ಜೀ, ಪ್ಲೀಸ್, ಒಂದ್ ಚೂರು ಹಿಂದೆ. ಪೆಲಿಕನ್ ಹೆದ್ರಿಬಿಡತ್ತೆ."

"ನನ್ನ ನೋಡಿ ಹೆದರತೈತೇನು? ನನ್ನ ಸೊಸೀನ ಹೆದರಂಗಿಲ್ಲ," ಎಂದು ಅವ್ವ ಅಲ್ಲೇ ನಿಂತರು. "ತಮ್ಮಾ, ನಿಂದು ತೋಪೇನು?"

ಇನ್ನೊಬ್ಬ ನಕ್ಕುಬಿಟ್ಟ. ಹೆಜ್ಜಾರ್ಲೆ ಅಷ್ಟರಲ್ಲಿ ಕೆರೆಯ ಆಚೆ ತುದಿಯಲ್ಲಿ, ಅವರ ಕಡೆಗೆ ಬೆನ್ನು ಮಾಡಿ, ಸದ್ದಿಲ್ಲದೆ ಇಳಿದಾಗಿತ್ತು. "ಬಿಡು ಮಚ್ಚಾ, ಹೋಯ್ತು," ಎಂದವನು ಕ್ಯಾಮೆರಾ ತಿರುಗಿಸಿದ. "ಅಜ್ಜಿ, ಲೈಟು ಸಕ್ಕತ್ತಾಗಿ ಬೀಳ್ತಿದೆ ನಿಮ್ ಮೇಲೆ. ಒಂದ್ ಫೋಟೋ ತೆಗೀಲಾ?"

ಅವ್ವ ಸೆರಗು ಹೊದ್ದು, ಮುಖ ಗಂಟಿಕ್ಕಿಕೊಂಡು ನಿಂತರು. ಫೋಟೊಗೆ ನಗಬಾರದೆಂಬ ಕಾಲದವರು. ಆ ಹುಡುಗ ಅಂದು ಬೆಳಿಗ್ಗೆ ತೆಗೆದವುಗಳಲ್ಲಿ ಅದೇ ಒಳ್ಳೆಯದೆಂದು ಅವನ ಗೆಳೆಯನೇ ಒಪ್ಪಿಕೊಂಡ.

ಆಮೇಲೆ ಕಲ್ಲುಬೆಂಚಿನ ಮೇಲೆ ಬುತ್ತಿ ಬಿಚ್ಚಲಾಯಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಡಬ್ಬಿಯಲ್ಲಿ ಗಟ್ಟಿ ಮೊಸರು. ಪಕ್ಷಿವೀಕ್ಷಣೆಗೆ ಹೋದಾಗ ಒಂದು ಬಾಳೆಹಣ್ಣಿಗಿಂತ ಹೆಚ್ಚು ತಿನ್ನುವುದು ನನ್ನ ಪದ್ಧತಿಯಲ್ಲ. ಅಂದು ಎರಡು ರೊಟ್ಟಿ ತಿಂದೆ. ರೊಟ್ಟಿ ಮುರಿಯುವ ಸದ್ದಿಗೆ ಹತ್ತಿರದ ಟಿಟ್ಟಿಭವೊಂದು ಎದ್ದು, ನಮ್ಮ ತಲೆಯ ಮೇಲೆ ಸುತ್ತುತ್ತ ಅರಚಿತು. "ಅದಕ್ಕೂ ಒಂದು ಚೂರು ಹಾಕ್ರಿ," ಎಂದರು ಅವ್ವ.

ತಿನ್ನುತ್ತಲೇ ಅವರು ನೀಲಕಂಠದ ವಿಚಾರ ಕೇಳಿದರು. ಸಿಗುತ್ತದೆಯೋ ಇಲ್ಲವೋ?

"ಸಿಗುವ ಸಂಭವ ಬಹಳ ಕಡಿಮೆ, ಅವ್ವಾರೆ," ಎಂದೆ. ಮ್ಯಾನೇಜರು ಕೆಮ್ಮಿದರು.

"ಹೆಂಗಿರತೈತಿ ಹೇಳ್ರಿ. ನಾ ಕಂಡು ಭಾಳ ವರ್ಷಾತು."

ವರ್ಣಿಸಿದೆ. ಕೂತಿದ್ದಾಗ ಮಾಸಲು ಕಂದು; ಯಾರೂ ಎರಡನೆಯ ಸಲ ನೋಡದಂಥ ಹಕ್ಕಿ. ರೆಕ್ಕೆ ಬಿಚ್ಚಿದಾಗ ಮಾತ್ರ ನೀಲಿಯ ಮೇಲೆ ನೀಲಿ. ಹೆಸರಿಗೆ ನೀಲಕಂಠ, ಕಂಠದಲ್ಲಿ ನೀಲಿ ಹುಡುಕಿದರೆ ಸಿಗುವುದಿಲ್ಲ. ಈ ಕೊನೆಯ ಮಾತನ್ನು ಬಿಡಬಹುದಿತ್ತೆಂದು ಹೆಂಡತಿ ಆಮೇಲೆ ಹೇಳಿದಳು.

"ಕಂಠದಾಗ ನೀಲಿ ಇಲ್ಲ?" ಅವ್ವ ರೊಟ್ಟಿ ಕೆಳಗಿಟ್ಟರು.

"ಇಲ್ಲ. ಅಲ್ಲಿ ಕಂದುಬಣ್ಣದ ಗೀರುಗಳು."

ಅವ್ವ ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರು. "ಶಿವಾ ವಿಷಾ ಕುಡದು ಭಾಳ ದಿನಾತಲ್ಲ," ಎಂದರು. "ಇಳದಿರಬೇಕು."

ಇನ್ನು ಮುಖ್ಯ ಘಟನೆ. ಇದನ್ನು ನಾನು ಅತ್ಯಂತ ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದೇನೆ. ಬುತ್ತಿ ಕಟ್ಟಿ ತೂಬಿನ ಕಡೆಗೆ ನಡೆಯುತ್ತಿದ್ದೆವು. ಅಲ್ಲಿ ದಾರಿಯ ಮಗ್ಗುಲಲ್ಲಿ ವಿದ್ಯುತ್ ತಂತಿಯೊಂದು ಕೆರೆಯ ಮೂಲೆಯನ್ನು ಹಾದುಹೋಗುತ್ತದೆ. ಅದರ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು: ಕಂದು ತಲೆ, ಬಿಳಿಯ ಎದೆ, ದೇಹಕ್ಕೆ ಮೀರಿದ ಕೆಂಪು ಕೊಕ್ಕು. ನಾವು ಸಮೀಪಿಸಿದಾಗ ಅದು ಎದ್ದು, ಬೆನ್ನಿನ ನೀಲಿಯನ್ನೆಲ್ಲ ಬಿಸಿಲಿಗೆ ತೋರಿಸುತ್ತ ನೀರಿನ ಮೇಲೆ ಒಂದು ಸುತ್ತು ಹಾರಿ ಮತ್ತೆ ಅದೇ ತಂತಿಗೆ ಬಂದು ಕೂತಿತು. ಆ ಹಕ್ಕಿಗೆ ಯಾರೋ ಮೊದಲೇ ಹೇಳಿಕೊಟ್ಟಂತಿತ್ತು.

"ಯವ್ವಾ! ಅಲ್ಲಿ ನೋಡು! ನೀಲಕಂಠ!" ಮಗ ಕೂಗಿದರು.

ಅವ್ವ ಗಕ್ಕನೆ ನಿಂತರು. "ಎಲ್ಲೈತೋ? ಎಲ್ಲೈತಿ?"

"ತಂತಿ ಮ್ಯಾಲೆ. ಈಗ ಹಾರಿ ಕುಂತಿತಲ್ಲ."

"ಹೌದೋ ಯಪ್ಪಾ, ನೀಲಿ ಮಿಂಚಿದಂಗಾತು." ಚಪ್ಪಲಿ ಬಿಟ್ಟರು. ಕೈ ಜೋಡಿಸಿದರು. ನೆಲ ಮುಟ್ಟಲು ಅರ್ಧ ಬಗ್ಗಿದವರು, ಏನೋ ಅನುಮಾನ ಬಂದು, ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ಮಾಸ್ತರ, ನೀವ ಹೇಳ್ರಿ. ಹೌದೋ, ಅಲ್ಲೋ?"

ಮ್ಯಾನೇಜರು ಕಣ್ಣಿನಲ್ಲೇ ಬೇಡಿಕೊಂಡರು. ಹೆಂಡತಿ ನನ್ನ ಪಕ್ಕದಲ್ಲಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಒಂದು "ಹೂಂ" ಎಂದರೆ ಮರುದಿನ ಒಬ್ಬ ಮುದುಕಿಗೆ ದೃಷ್ಟಿ. ಇಲ್ಲವೆಂದರೆ ಮೂರನೆಯ ಸಲ ಹೊಸ್ತಿಲು, ಗಟ್ಟಿಯಾಗುತ್ತಿರುವ ಪೊರೆ. ಇದೆಲ್ಲ ನನಗೆ ತಿಳಿದಿತ್ತು. ಆದರೂ ನಾನು ಹೇಳಿದೆ: "ಅಲ್ಲ, ಅವ್ವಾರೆ. ಅದು ಮಿಂಚುಳ್ಳಿ."

ಮಿಂಚುಳ್ಳಿ ತನ್ನ ಹೆಸರು ಕೇಳಿ ತೃಪ್ತಿಯಾದಂತೆ ನೀರಿಗೆ ಧುಮುಕಿ ಒಂದು ಮೀನು ತೆಗೆದುಕೊಂಡು ಹೋಯಿತು. ಮ್ಯಾನೇಜರು ನಮ್ಮೆಲ್ಲರಿಗೂ ಬೆನ್ನು ಮಾಡಿ ಬೇಲಿ ಹಿಡಿದು ನಿಂತರು. ಅವ್ವ ನಿಧಾನವಾಗಿ ಚಪ್ಪಲಿ ಮೆಟ್ಟಿ, ತೂಬಿನ ಕಟ್ಟೆಯ ಮೇಲೆ ಕೂತರು.

"ಎಲ್ಲಾರೂ ನನಗ ಸಿಹೀನ ಹೇಳತಾರ," ಎಂದರು, ಯಾರಿಗೆಂದಿಲ್ಲದೆ. "ಡಾಕ್ಟರ್ ಅಂತಾನ, ಏನೂ ಆಗಂಗಿಲ್ಲ ಅಜ್ಜಿ. ಮಗ ಅಂತಾನ, ಇರಿವಿ ಕಡದಷ್ಟೂ ಆಗಂಗಿಲ್ಲ. ನಮ್ಮಕ್ಕಗೂ ಹಿಂಗ ಅಂದಿದ್ರು." ಆಮೇಲೆ ನನ್ನ ಕಡೆ ಮುಖ ಎತ್ತಿದರು. "ಮಾಸ್ತರ, ನಿಮ್ಮ ಕಣ್ಣಿಗೂ ಮಾಡ್ಯಾರಂತಲ್ಲ. ಖರೇ ಹೇಳ್ರಿ. ನೋವಾಗತೈತೇನು?"

ನಾನು ಅವರ ಪಕ್ಕದಲ್ಲಿ ಕೂತು, ನನಗಾದದ್ದನ್ನು ಆದ ಕ್ರಮದಲ್ಲೇ ಹೇಳಿದೆ. ಮೊದಲು ಹಾಕುವ ಹನಿ ಉರಿಯುತ್ತದೆ. ಮುಖದ ಮೇಲೆ ಬಟ್ಟೆ ಹೊದಿಸಿದಾಗ ಉಸಿರು ಕಟ್ಟಿದಂತಾಗುತ್ತದೆ, ಕಟ್ಟುವುದಿಲ್ಲ. ಕಣ್ಣ ಮುಂದೆ ಬಹಳ ಬೆಳಕು. ಅದರಲ್ಲಿ ಬಣ್ಣಗಳು ಕದಡುತ್ತವೆ. ಯಾವುದೋ ಯಂತ್ರ ಗುಂಯ್‌ಗುಡುತ್ತದೆ. ನೋವೆನ್ನುವಂಥ ನೋವಿಲ್ಲ, ಯಾರೋ ಒತ್ತಿದಂತೆ ಇರುತ್ತದೆ. ಮನೆಗೆ ಬಂದ ಮೇಲೆ ಕಣ್ಣಿನಲ್ಲಿ ಮರಳು ಹೊಕ್ಕಂತೆ ಚುಚ್ಚಿತು. ಮತ್ತೆ, ನಾನು ಹೆದರಿದ್ದೆ.

"ಎಷ್ಟು ಹೆದರಿದ್ರಿ?"

"ನರ್ಸಮ್ಮನ ಕೈ ಬಿಡ್ಲಿಲ್ವಂತೆ ಅವ್ವ," ಎಂದಳು ಹೆಂಡತಿ. "ಅವ್ರೇ ಆಚೆ ಬಂದು ನಂಗೆ ತೋರ್ಸಿದ್ರು, ಬಳೆ ಒತ್ತಿದ ಗುರುತು. ಇನ್ನೊಂದು ಕೇಳಿ. ಮಾರನೇ ದಿನ ಪಟ್ಟಿ ಬಿಚ್ಚಿದ್ರಲ್ಲ, ಮೊದ್ಲು ಫ್ಯಾನ್ ನೋಡಿ 'ಎಷ್ಟು ಧೂಳು' ಅಂದ್ರು. ಆಮೇಲೆ ನನ್ನ ಮುಖ ನೋಡಿ, 'ಇಷ್ಟು ಸುಕ್ಕು ಯಾವಾಗ ಬಂತು?' ಅಂದ್ರು. ದಿನಾಂಕ ಬೇಕಿತ್ತೇನೋ."

ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕೇಳಬೇಕಾದ್ದನ್ನು ಕೇಳಿದರು. "ನಮ್ಮಕ್ಕನಂಗ ನನಗ ಆಗಂಗಿಲ್ಲೇನು?"

"ಆಗುವುದು ಬಹಳ ಅಪರೂಪ, ಅವ್ವಾರೆ. ಅಂದಿಗಿಂತ ಇಂದು ಇನ್ನೂ ಅಪರೂಪ. ಆಗುವುದೇ ಇಲ್ಲ ಎಂದು ನಾನು ಹೇಳಲಾರೆ. ಹೇಳಿದರೆ ಅದೂ ಮಿಂಚುಳ್ಳಿಯನ್ನು ನೀಲಕಂಠ ಅಂದಂತೆ."

ಅವ್ವ ಕೆರೆಯ ಕಡೆ, ಅಂದರೆ ತಮಗೆ ಕಾಣುತ್ತಿದ್ದ ಆ ಹಾಲಿನ ಕಡೆ, ನೋಡುತ್ತ ಕೂತರು. ಹೊಸೂರು ರಸ್ತೆಯ ದಿಕ್ಕಿನಿಂದ ಲಾರಿಯ ಹಾರ್ನು, ಎದುರು ದಡದ ಹೊಸ ಕಟ್ಟಡದಿಂದ ಕಾಂಕ್ರೀಟ್ ಕಲಸುವ ಗಡಗಡ. ನಡುವೆ ಎಲ್ಲೋ ಒಂದು ಕುಟ್ರಹಕ್ಕಿ ಒಂದೇ ಸಮನೆ ಕೂಗುತ್ತಿತ್ತು.

"ಏ, ಇಲ್ಲಿ ಬಾ," ಎಂದು ಮಗನನ್ನು ಕರೆದರು. "ನಾಳೆ ಮುಂಜಾನೆ ಹೋಗೂಣು."

"ಎಲ್ಲಿಗೆ?"

"ಎಲ್ಲಿಗಂದ್ರ? ದವಾಖಾನಿಗೆ. ಬ್ಯಾರೆ ಎಲ್ಲಿ, ಜಾತ್ರಿಗೇನು?"

"ಮತ್ತ ನೀಲಕಂಠ?"

"ಅದು ಎಲ್ಲೈತೋ ಅಲ್ಲಿ ಸುಖವಾಗಿರ್ಲಿ. ಎಲ್ಲಾರೂ ಹೂಂ ಅನ್ನೂವಾಗ ಅಲ್ಲ ಅನ್ನಾವ್ರು ಸಿಕ್ಕರಲ್ಲ. ನನಗ ಅಷ್ಟು ಸಾಕು."

ಸೋಮವಾರ ಅವರು ಹೋದರು. ಹೊಸ್ತಿಲಲ್ಲಿ ನಿಲ್ಲಲಿಲ್ಲವೆಂದು ಸೊಸೆ ಹೇಳಿದಳು. ಮಂಗಳವಾರ ಪಟ್ಟಿ ಬಿಚ್ಚಿದಾಗ ಅವ್ವ ಮೊದಲು ನೋಡಿದ್ದು ಎದುರು ನಿಂತಿದ್ದ ಮಗನನ್ನು.

"ಅಯ್ಯ ಶಿವನ," ಎಂದರಂತೆ, "ನಿನ್ನ ತಲ್ಯಾಗಿನ ಕೂದಲ ಎಲ್ಲಿ ಹ್ವಾದ್ವೋ?"

ಮೇಲಿನದೆಲ್ಲವನ್ನೂ ನಾನು ಬರೆದಿಟ್ಟದ್ದು ಮಾರ್ಚ್ ತಿಂಗಳಲ್ಲಿ. ಯುಗಾದಿಯ ದಿನ, ಎಂದರೆ ಮಾರ್ಚ್ ೩೦ರ ಭಾನುವಾರ, ಅವ್ವನ ಮನೆಯಲ್ಲಿ ಹೋಳಿಗೆ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಕೆರೆಯ ಮಾತು ಬಂತು. ನಾನು ತೂಬಿನ ಬಳಿಯ ಪ್ರಸಂಗವನ್ನು ಮತ್ತೊಮ್ಮೆ ವಿವರಿಸುತ್ತಿದ್ದೆ. ಈ ನಡುವೆ ಅದನ್ನು ಕೆಲವು ಮಂದಿಗೆ ಹೇಳಿದ್ದೆನಾದ್ದರಿಂದ ಮಾತು ಸರಾಗವಾಗಿ ಬರುತ್ತಿತ್ತು. "ತಡೀರಿ ಸರ್, ಅದರ ವಿಡಿಯೊ ಐತಿ," ಎಂದರು ಮ್ಯಾನೇಜರು. ಅವ್ವ ನೀಲಕಂಠನನ್ನು ಕಂಡಳೆಂದು ಧಾರವಾಡದ ತಂಗಿಗೆ ಕಳಿಸಲು ಅಂದು ಮೊಬೈಲಿನಲ್ಲಿ ತೆಗೆದಿದ್ದರಂತೆ. ಉಪಯೋಗಕ್ಕೆ ಬಾರದ್ದರಿಂದ ಯಾರಿಗೂ ಕಳಿಸಿರಲಿಲ್ಲ. ಅದನ್ನು ಟಿವಿಗೆ ಹಾಕಿದರು. ಹೊಸ ಕಣ್ಣಿನ ಅವ್ವ ಮುಂದಿನ ಸಾಲಿನಲ್ಲಿ ಕೂತರು.

ವಿಡಿಯೊ ಚಿಕ್ಕದು. ಮಗನ ಕೂಗು. ಅವ್ವ ಚಪ್ಪಲಿ ಬಿಡುವುದು, ಬಗ್ಗುವುದು, ತಿರುಗುವುದು. "ಮಾಸ್ತರ, ನೀವ ಹೇಳ್ರಿ. ಹೌದೋ, ಅಲ್ಲೋ?" ಆಮೇಲೆ ಚಿತ್ರದಲ್ಲಿ ನಾನು, ಬೈನಾಕ್ಯುಲರನ್ನು ಕಣ್ಣಿಗೆ ಒತ್ತಿಕೊಂಡು. ನನ್ನ ದನಿ: "ಅದು... ಹಿಂಬದಿಯಿಂದ ಬೆಳಕಿದೆ... ಇನ್ನೊಂದು ಸಲ ಹಾರಿದರೆ..." ಇಷ್ಟಾದ ಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೇರೊಂದು ದನಿ: "ಅಲ್ಲ ಅವ್ವ. ಅದು ಮಿಂಚುಳ್ಳಿ." ಆ ದನಿ ನನ್ನ ಹೆಂಡತಿಯದು.

ಅಲ್ಲಿಗೆ ಮ್ಯಾನೇಜರು ಬೇಸರದಿಂದ ಮೊಬೈಲು ಇಳಿಸಿದ್ದಾರೆ. ಒಂದಿಷ್ಟು ನೆಲ ಕಾಣಿಸಿ ವಿಡಿಯೊ ಮುಗಿಯುತ್ತದೆ.

"ಅಂದಾಕಿ ಈಕೀನ ಅಲ್ಲೇನ್ರಿ?" ಎಂದರು ಅವ್ವ, ನನ್ನ ಹೆಂಡತಿಯ ತೊಡೆ ತಟ್ಟಿ. "ನನಗ ಆವತ್ತ ಗೊತ್ತೈತಿ. ನೀವು ಯಾಕ ದಿನಾ ಬ್ಯಾರೆ ಹೇಳತೀರಿ ಅಂತ ನಾನೂ ಸುಮ್ಮನಿದ್ದೆ."

ಪ್ರತಿಯ ಅಧಿಕೃತತೆಯನ್ನು ಪರಿಶೀಲಿಸಬೇಕಲ್ಲವೇ ಎಂದೆ. ನಡುವೆ ಏನಾದರೂ ಸೇರಿಕೊಂಡಿರಬಹುದು.

"ಸರ್, ನನಗ ಎಡಿಟಿಂಗ್ ಬರಂಗಿಲ್ರಿ," ಎಂದರು ಮ್ಯಾನೇಜರು.

ಮೆಟ್ಟಿಲಿಳಿಯುವಾಗ ಹೆಂಡತಿಯನ್ನು ಕೇಳಿದೆ. ಹಿಂದಿನ ಸಂಜೆ ಮಿಂಚುಳ್ಳಿಗೇನು ನಷ್ಟ ಎಂದವಳು ನೀನೇ ಅಲ್ಲವೆ?

"ನೀವೇ ಹೇಳ್ತೀರಿ ಅಂತ ಕಾದೆ ಕಣ್ರೀ," ಎಂದಳು. "ನೀವು ಬೆಳಕು ಗಿಳಕು ಅಂತ ಶುರು ಮಾಡಿದ್ರಿ. ಆ ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದಿದ್ದು ನೋಡಿ ನಂಗೆ ಸುಮ್ನಿರೋಕಾಗ್ಲಿಲ್ಲ. ಇಷ್ಟಕ್ಕೂ ಆ ಕೊಕ್ಕು ಅಷ್ಟು ಕೆಂಪಗಿತ್ತಲ್ಲ, ನಿಮಗೆ ಇನ್ನೆಷ್ಟು ಆಧಾರ ಬೇಕಿತ್ತು?"

ತೂಬಿನ ಬಳಿ "ನಾನು ಹೇಳಿದೆ" ಎಂದು ಮೇಲೆ ಬರೆದ ವಾಕ್ಯವನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ನನ್ನ ನೆನಪು ಇಂದಿಗೂ ಅದನ್ನೇ ಹೇಳುತ್ತದೆ, ನನ್ನ ದನಿಯಲ್ಲೇ ಹೇಳುತ್ತದೆ. ಲಭ್ಯವಿರುವ ಏಕೈಕ ದಾಖಲೆ ಅದಕ್ಕೆ ವಿರುದ್ಧವಾಗಿದೆ. ಆ ಮಾತಿನ ನಂತರ ಕಟ್ಟೆಯ ಮೇಲೆ ನಡೆದ ಸಂಭಾಷಣೆಗೆ ವಿಡಿಯೊ ಇಲ್ಲ; ಅಷ್ಟು ಭಾಗಕ್ಕೆ ಆಧಾರ ನಾನೊಬ್ಬನೇ.